ಸಂಶೋಧನಾ ಸಾಫ್ಟ್‌ವೇರ್ ಸರಿಮಾಡಲು ದುಡ್ಡು: ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು

2019ರ ಏಪ್ರಿಲ್ 10ರಂದು ಕಪ್ಪುಕುಳಿಯ ಮೊದಲ ಚಿತ್ರ ಹೊರಬಂತು. ಎಂ87 ಗ್ಯಾಲಕ್ಸಿಯ ನಡುವಿನ ಆ ಕಿತ್ತಳೆ ಬಣ್ಣದ ಉಂಗುರವನ್ನು ನೀವೂ ನೋಡಿರುತ್ತೀರಿ. ಆ ಚಿತ್ರ ಕಟ್ಟಿದ ಕೋಡ್‌ನ ಅಡಿಯಲ್ಲಿ ನಮ್‌ಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್, ಆಸ್ಟ್ರೋಪೈ ಎಲ್ಲ ಇದ್ದವು. ಇವು ಪೈಥಾನ್ ಭಾಷೆಯಲ್ಲಿ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡಿನ ಕಟ್ಟುಗಳು, ಅಂದರೆ ಲೈಬ್ರರಿಗಳು. ಇದಾದ ಐದೇ ದಿನಕ್ಕೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ (ಎನ್‌ಎಸ್‌ಎಫ್) ಒಂದು ಅರ್ಜಿಯನ್ನು ತಿರಸ್ಕರಿಸಿತು. ಇದೇ ಪೈಥಾನ್ ಲೈಬ್ರರಿಗಳನ್ನು ಚೆನ್ನಾಗಿ ಇಟ್ಟುಕೊಳ್ಳಲು ಹಣ ಕೇಳಿದ್ದ ಅರ್ಜಿ ಅದು. ಕೊಟ್ಟ ಕಾರಣ: ಈ ಸಾಫ್ಟ್‌ವೇರಿನ ಪ್ರಭಾವ ಸಾಲದು.

ನಮ್‌ಪೈ ಕಥೆಯೂ ಹೀಗೇ. 2006ರಿಂದ ಜಗತ್ತಿನ ಲ್ಯಾಬ್‌ಗಳೆಲ್ಲ ಅದನ್ನು ಬಳಸಿದವು. ಅದಕ್ಕೇ ಅಂತ ಮೀಸಲಾದ ಮೊದಲ ದೊಡ್ಡ ಅನುದಾನ ಬಂದಿದ್ದು 2017ರಲ್ಲಿ, ಮೂರ್ ಫೌಂಡೇಶನ್‌ನಿಂದ, ಸುಮಾರು 6.45 ಲಕ್ಷ ಡಾಲರ್. ಅಲ್ಲಿಯವರೆಗೆ ನಡೆದದ್ದು ಬಹುತೇಕ ಬಿಡುವಿನ ವೇಳೆಯ ಕೆಲಸದಿಂದ.

ಈ ಲೇಖನ ಅಂಥದ್ದೇ ಸ್ಥಿತಿಯಲ್ಲಿರುವವರಿಗೆ. ನಿಮ್ಮ ಲ್ಯಾಬ್‌ನಲ್ಲಿ ಒಂದು ಕೋಡ್ ಇದೆ. ಹಕ್ಕಿಗಳ ದನಿ ಗುರುತಿಸುವುದೋ, ಮಳೆಯ ಲೆಕ್ಕ ಹಾಕುವುದೋ, ಪ್ರೋಟೀನ್ ಜೋಡಿಸುವುದೋ, ಏನಾದರೂ ಆಗಲಿ. ಬೇರೆ ಊರಿನ ಲ್ಯಾಬ್‌ಗಳೂ ಅದನ್ನು ಬಳಸುತ್ತಿವೆ. ಬರೆದ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೊರಟುಹೋಗಿದ್ದಾರೆ. ಈಗ ಅದನ್ನು ನೋಡಿಕೊಳ್ಳುವವರು ನೀವೊಬ್ಬರೇ. ದುಡ್ಡು ಕೊಡುವವರು ಇದ್ದಾರೆ, ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದ್ದಾರೆ. ಆದರೆ ಅವರ ಪಟ್ಟಿಯಿಂದ ಶುರು ಮಾಡಬೇಡಿ. ಅರ್ಜಿಗಳು ಜಾಸ್ತಿ ಮುಗ್ಗರಿಸುವುದು ಅದಕ್ಕಿಂತ ಹಿಂದಿನ ಮೆಟ್ಟಿಲುಗಳಲ್ಲಿ.

ಹಂತ 1: ಕೆಲಸ ಯಾವುದು ಅಂತ ಬರೆದಿಡಿ

ಮನೆ ಕಟ್ಟಲು ಸಾಲ ಕೊಡುವ ಬ್ಯಾಂಕ್ ಸೋರುವ ಹಂಚು ಬದಲಿಸಲು ಅಷ್ಟು ಸಲೀಸಾಗಿ ಕೊಡುವುದಿಲ್ಲ. ಇಲ್ಲೂ ಹಾಗೇ. "ಸಾಫ್ಟ್‌ವೇರ್ ನಿರ್ವಹಣೆಗೆ ನೆರವು ಬೇಕು" ಅಂತಷ್ಟೇ ಬರೆದರೆ ಕೆಲಸ ಆಗುವುದಿಲ್ಲ. ಕೊಡುವವರಿಗೂ ಮೇಲೊಬ್ಬರು ಲೆಕ್ಕ ಕೇಳುವವರು ಇರುತ್ತಾರೆ. ವರ್ಷದ ಕೊನೆಗೆ ಇಂಥದ್ದು ಆಯಿತು ಅಂತ ತೋರಿಸಲು ಅವರಿಗೆ ಏನಾದರೂ ಬೇಕು.

ಹಾಗಾಗಿ ನಿರ್ವಹಣೆಯನ್ನು ತುಂಡು ಮಾಡಿ. ಒಂದು ಉದಾಹರಣೆ ನೋಡಿ. 2023ರ ಅಕ್ಟೋಬರಿನಲ್ಲಿ ಪೈಥಾನ್ 3.12 ಬಂತು. ಅದರಿಂದ ಡಿಸ್ಟ್‌ಯುಟಿಲ್ಸ್ ಅನ್ನುವ, ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಮಾಡ್ಯೂಲನ್ನು ತೆಗೆದುಹಾಕಿದ್ದರು. ಫೋರ್ಟ್ರಾನ್ ಅನ್ನುವ ಹಳೇ ಭಾಷೆಯ ಕೋಡಿಗೆ ಎಫ್2ಪೈ ಅನ್ನುವ ಸಲಕರಣೆ ಮೂಲಕ ಪೈಥಾನ್ ಹೊದಿಕೆ ಹಾಕಿಕೊಂಡಿದ್ದ ಎಷ್ಟೋ ಲ್ಯಾಬ್‌ಗಳ ಬಿಲ್ಡ್ (ಕೋಡನ್ನು ಓಡುವ ಸ್ಥಿತಿಗೆ ತರುವ ವ್ಯವಸ್ಥೆ) ಅದನ್ನೇ ನೆಚ್ಚಿಕೊಂಡಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಲು ಹೋದರೆ "ಆ ಮಾಡ್ಯೂಲ್ ಸಿಗಲಿಲ್ಲ" ಅನ್ನುವ ಒಂದು ಸಾಲು ಬರುತ್ತದೆ, ಅಷ್ಟೇ, ಮುಂದಕ್ಕೆ ಹೋಗುವುದಿಲ್ಲ. ವಿಜ್ಞಾನ ಸರಿಯಾಗಿಯೇ ಇದೆ, ಸಮೀಕರಣವೂ ಸರಿ, ಆದರೆ ಕೋಡ್ ಓಡುತ್ತಿಲ್ಲ. ಮರುವರ್ಷ ಜೂನಿನಲ್ಲಿ ನಮ್‌ಪೈ 2.0 ಬಂದಾಗ, ಹಿಂದಿನ ಸರಣಿಯ ಮೇಲೆ ಕಂಪೈಲ್ ಆಗಿದ್ದ ಪ್ಯಾಕೇಜ್‌ಗಳನ್ನು ಮತ್ತೆ ಕಂಪೈಲ್ ಮಾಡಬೇಕಾಯಿತು.

ಇಂಥ ಕೋಡಿಗೆ ಕೆಲಸದ ಪಟ್ಟಿ ಹೀಗಿರಬಹುದು: ಬಿಲ್ಡ್ ಅನ್ನು ಮೆಸಾನ್ ಅನ್ನುವ ಬೇರೆ ಸಲಕರಣೆಗೆ ಬದಲಿಸಲು 120 ಗಂಟೆ. ಮುಖ್ಯ ಲೆಕ್ಕಾಚಾರಗಳಿಗೆ ಟೆಸ್ಟ್ ಬರೆಯಲು 100 ಗಂಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿದ್ಧ ಪ್ಯಾಕೇಜ್ ತಾನಾಗಿಯೇ ತಯಾರಾಗುವಂತೆ ಮಾಡಲು 50 ಗಂಟೆ. ಹೊಸಬರಿಗೆ ಡಾಕ್ಯುಮೆಂಟೇಶನ್‌ಗೆ 60 ಗಂಟೆ. ಒಟ್ಟು 330. ಈಗ ನಿಮ್ಮ ಕೈಲಿ ಕೇಳುವುದಕ್ಕೆ ಒಂದು ವಸ್ತು ಇದೆ. ಈ ಕಾಗದ ಇಲ್ಲದೆ ಯಾವ ಫಾರ್ಮನ್ನೂ ತೆರೆಯಬೇಡಿ.

ಹಂತ 2: ದುಡ್ಡು ಯಾರ ಖಾತೆಗೆ ಬೀಳಬೇಕು?

ಜನ ಇದನ್ನು ಕೊನೆಗೆ ಯೋಚಿಸುತ್ತಾರೆ. ನನ್ನ ಪ್ರಕಾರ ಇದನ್ನೇ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಯಾಕೆಂದರೆ ಯಾವ ಬಾಗಿಲು ನಿಮಗೆ ತೆರೆದಿದೆ, ಯಾವುದು ಮುಚ್ಚಿದೆ ಅನ್ನುವುದು ಇದರ ಮೇಲೇ ನಿಂತಿದೆ. ಭಾರತದಲ್ಲಿ ಕೂತು ಕೇಳುವವರಿಗೆ ಮೂರು ದಾರಿಗಳಿವೆ.

ಮೊದಲನೆಯದು, ಸಂಸ್ಥೆಯ ಖಾತೆ. ದೇಶದ ಸರ್ಕಾರಿ ಹಣವಾದರೆ ಇದು ಸುಲಭ. ಪಿಐ, ಅಂದರೆ ಮುಖ್ಯ ಸಂಶೋಧಕರ ಹೆಸರಲ್ಲಿ ಪ್ರಾಜೆಕ್ಟ್ ಆಗುತ್ತದೆ, ಅಕೌಂಟ್ಸ್ ವಿಭಾಗಕ್ಕೂ ಅದು ರೂಢಿ. ವಿದೇಶಿ ಹಣ ಅಂದಾಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡ್ಡ ಬರುತ್ತದೆ. 2010ರ ಈ ಕಾಯ್ದೆಯ ಪ್ರಕಾರ ಟ್ರಸ್ಟ್, ಸೊಸೈಟಿ, ಖಾಸಗಿ ಕಾಲೇಜು ವಿದೇಶಿ ದೇಣಿಗೆ ತಗೊಳ್ಳಬೇಕಾದರೆ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. ಹಣ ಮೊದಲು ಬಂದು ಬೀಳಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯಲ್ಲಿ ಇನ್ನೊಂದು ಬಿಗಿ ಬಂತು: ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಅಂದರೆ ನೀವು ಬೆಂಗಳೂರಿನಲ್ಲಿ ಅನುದಾನ ಪಡೆದು, ಅದರಲ್ಲೊಂದು ಪಾಲನ್ನು ಧಾರವಾಡದ ಸಹೋದ್ಯೋಗಿಯ ಕಾಲೇಜಿಗೆ ಕಳಿಸುತ್ತೇನೆ ಅಂದರೆ ಆಗುವುದಿಲ್ಲ. ಕಾಯ್ದೆಯಿಂದ ಹುಟ್ಟಿದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿಗಳಿವೆ. ನಿಮ್ಮದು ಅದರಲ್ಲಿ ಬರುತ್ತದಾ ಅಂತ ಅಕೌಂಟ್ಸ್‌ನವರನ್ನು ಬಾಯಿಮಾತಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಕೇಳಿ. ಉತ್ತರವೂ ಬರಹದಲ್ಲಿರಲಿ.

ಎರಡನೆಯದು, ಫಿಸ್ಕಲ್ ಸ್ಪಾನ್ಸರ್. ಅಂದರೆ ನಿಮ್ಮ ಪ್ರಾಜೆಕ್ಟಿನ ಪರವಾಗಿ ಹಣ ಇಟ್ಟುಕೊಂಡು ಲೆಕ್ಕ ನೋಡಿಕೊಳ್ಳುವ ಲಾಭರಹಿತ ಸಂಸ್ಥೆ. ನಮ್‌ಪೈ, ಪಾಂಡಾಸ್‌ನಂಥ ಲೈಬ್ರರಿಗಳಿಗೆ ಅಮೆರಿಕದ ನಮ್‌ಫೋಕಸ್ ಈ ಕೆಲಸ ಮಾಡುತ್ತದೆ. ಸಣ್ಣ ಪ್ರಾಜೆಕ್ಟ್‌ಗಳಿಗೆ ಓಪನ್ ಸೋರ್ಸ್ ಕಲೆಕ್ಟಿವ್ ಇದೆ. ಅದು ಬಂದ ಹಣದಲ್ಲಿ ನೂರಕ್ಕೆ 10 ಹಿಡಿದುಕೊಳ್ಳುತ್ತದೆ. ಜಾಸ್ತಿ ಅನ್ನಿಸಬಹುದು. ಆದರೆ ಆಡಿಟ್, ತೆರಿಗೆ, ಕರಾರು ಎಲ್ಲ ಅವರ ತಲೆನೋವು ಅನ್ನುವಾಗ ನನಗೇನೋ ಅದು ಅಗ್ಗವೇ ಅನ್ನಿಸುತ್ತದೆ.

ಮೂರನೆಯದು, ಕೆಲಸ ಮಾಡುವವರ ಸ್ವಂತ ಖಾತೆ. ಸ್ಪಾನ್ಸರ್ ಹತ್ತಿರ ಹಣ ಇರುತ್ತದೆ, ನೀವು ಮಾಡಿದ ಗಂಟೆಗಳಿಗೆ ಇನ್‌ವಾಯ್ಸ್ ಕಳಿಸುತ್ತೀರಿ. ಇದು ದೇಣಿಗೆ ಅಲ್ಲ, ಕೆಲಸದ ಸಂಭಾವನೆ. ಅಮೆರಿಕದ ಸಂಸ್ಥೆಯಾದರೆ ಡಬ್ಲ್ಯೂ-8ಬೆನ್ ಅನ್ನುವ ಫಾರ್ಮ್ ತುಂಬಿಸಿಕೊಳ್ಳುತ್ತಾರೆ, ನಮ್ಮ ಬ್ಯಾಂಕಿನವರು ಹಣ ಯಾವ ಬಾಬ್ತಿಗೆ ಬಂತು ಅಂತ ಪರ್ಪಸ್ ಕೋಡ್ ಕೇಳುತ್ತಾರೆ. ಆದಾಯ ತೆರಿಗೆ, ಜಿಎಸ್‌ಟಿ ಬಗ್ಗೆ ಒಬ್ಬ ಸಿಎ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿ. ಆ ಫೀಸು ದಂಡ ಅಲ್ಲ. ನೀವು ಸರ್ಕಾರಿ ನೌಕರರಾದರೆ ಅಥವಾ ಫೆಲೋಶಿಪ್ ಮೇಲಿರುವ ಪಿಎಚ್‌ಡಿ ವಿದ್ಯಾರ್ಥಿಯಾದರೆ, ಬೇರೆ ಸಂಭಾವನೆ ತಗೊಳ್ಳುವ ಮೊದಲು ನಿಮ್ಮ ಷರತ್ತುಗಳನ್ನು ತೆಗೆದು ಓದಿ. ಎಷ್ಟೋ ಕಡೆ ಅನುಮತಿ ಬೇಕು, ಕೆಲವು ಕಡೆ ಅವಕಾಶವೇ ಇಲ್ಲ.

ಇದೇ ಹೊತ್ತಿಗೆ ಲೈಸೆನ್ಸ್ ವಿಷಯವನ್ನೂ ಮುಗಿಸಿಬಿಡಿ. ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಎಲ್ಲರಿಗೂ ಕಾಣಿಸುತ್ತಿದೆ ಅಂದಮಾತ್ರಕ್ಕೆ ಅದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಕೋಡ್, ಆಗುವುದಿಲ್ಲ. ಲೈಸೆನ್ಸ್ ಫೈಲ್ ಇರಬೇಕು. ಕೋಡಿನ ಹಕ್ಕು ಸಂಸ್ಥೆಯದಾಗಿದ್ದರೆ ಐಪಿ (ಬೌದ್ಧಿಕ ಆಸ್ತಿ) ಕಚೇರಿಯ ಒಪ್ಪಿಗೆ ಬೇಕು. ಅವರ ಕಡತ ಎಷ್ಟು ನಿಧಾನ ಅಂತ ನಿಮಗೇ ಗೊತ್ತು, ಅಲ್ವಾ? ಅದಕ್ಕೇ ಈಗಲೇ ಕಳಿಸಿ.

ಹಂತ 3: ಸಾಕ್ಷಿ ಕೂಡಿಸಿ

"ಪ್ರಭಾವ ಸಾಲದು" ಅನ್ನುವ ಮಾತಿಗೆ ಉತ್ತರ ಇಲ್ಲಿದೆ. ಪರಿಶೀಲಿಸುವವರು ನಿಮ್ಮ ಕೋಡನ್ನು ಓಡಿಸಿ ನೋಡುವುದಿಲ್ಲ. ಕಾಗದದ ಮೇಲೆ ಏನಿದೆಯೋ ಅದೇ ಅವರಿಗೆ ಕಾಣುವುದು.

ಸಾಫ್ಟ್‌ವೇರನ್ನು ಜನ ಬಳಸುತ್ತಾರೆ, ಉಲ್ಲೇಖಿಸುವುದಿಲ್ಲ. ಪ್ರಬಂಧದಲ್ಲಿ "ನಮ್ಮದೇ ಸ್ಕ್ರಿಪ್ಟ್‌ನಿಂದ ವಿಶ್ಲೇಷಿಸಿದೆವು" ಅಂತ ಬರೆದು ಮುಗಿಸುತ್ತಾರೆ. ಉಲ್ಲೇಖಿಸಲು ಸುಲಭ ಮಾಡಿಕೊಡುವುದು ನಿಮ್ಮ ಕೆಲಸ. ಯುರೋಪಿನ ಸರ್ನ್ ಪ್ರಯೋಗಾಲಯ ನಡೆಸುವ ಜೆನೊಡೊ ಸಂಗ್ರಹತಾಣದಲ್ಲಿ ಪ್ರತಿ ಬಿಡುಗಡೆಗೂ ಡಿಒಐ, ಅಂದರೆ ಉಲ್ಲೇಖಿಸಲು ಶಾಶ್ವತ ಗುರುತು, ಪಡೆಯಬಹುದು, ಗಿಟ್‌ಹಬ್‌ಗೆ ಜೋಡಿಸಿಟ್ಟರೆ ತಾನಾಗಿಯೇ ಆಗುತ್ತದೆ, ಖರ್ಚಿಲ್ಲ. ಸೈಟೇಶನ್ ಫೈಲ್ ಒಂದನ್ನು ಹಾಕಿದರೆ ಗಿಟ್‌ಹಬ್ ಪುಟದ ಪಕ್ಕದಲ್ಲೇ "ಇದನ್ನು ಹೀಗೆ ಉಲ್ಲೇಖಿಸಿ" ಅಂತ ತೋರಿಸುತ್ತದೆ. ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್ 2016ರಿಂದ ನಡೆಯುತ್ತಿದೆ. ಅಲ್ಲಿ ಕಿರು ಪ್ರಬಂಧದ ಜೊತೆ ಕೋಡನ್ನೂ ತೆರೆದು ನೋಡುತ್ತಾರೆ, ಲೇಖಕರಿಂದ ಶುಲ್ಕ ತಗೊಳ್ಳುವುದಿಲ್ಲ. ಈ ಮೂರನ್ನು ಅರ್ಜಿಗೆ ಆರು ತಿಂಗಳು ಮೊದಲೇ ಮಾಡಿಟ್ಟರೆ ಒಳ್ಳೆಯದು.

ಡೌನ್‌ಲೋಡ್ ಸಂಖ್ಯೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದು ಟೆಸ್ಟ್ ಸರ್ವರ್ ಹಗಲೂ ರಾತ್ರಿ ಅದನ್ನೇ ಇಳಿಸಿಕೊಳ್ಳುತ್ತಿದ್ದರೂ ಆ ಅಂಕಿ ಏರುತ್ತದೆ. ಅದಕ್ಕಿಂತ ಬೆಲೆಯಿರುವುದು ನಿಮ್ಮ ಕೋಡಿನ ಮೇಲೆ ನಿಂತಿರುವ ಬೇರೆ ಪ್ಯಾಕೇಜ್‌ಗಳ ಪಟ್ಟಿಗೆ, ಹೊರಗಿನ ಜನ ತೆರೆದ ಇಶ್ಯೂಗಳಿಗೆ (ದೋಷ, ಬೇಡಿಕೆ ತಿಳಿಸುವ ಟಿಪ್ಪಣಿಗಳು), ಬಳಸುವವರ ಪತ್ರಗಳಿಗೆ. ಪತ್ರ ಕೇಳುವಾಗ "ನಮ್ಮ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದುಕೊಡಿ ಸರ್" ಅನ್ನಬೇಡಿ. "ಈ ಸಾಫ್ಟ್‌ವೇರ್ ನಾಳೆ ನಿಂತುಹೋದರೆ ನಿಮ್ಮ ಯಾವ ಕೆಲಸ ನಿಲ್ಲುತ್ತದೆ?" ಅಂತ ಕೇಳಿ. ಆ ಉತ್ತರವೇ ಪತ್ರ.

ಹಂತ 4: ಈಗ ಬಾಗಿಲುಗಳು

ಮನೆ ಹತ್ತಿರದಿಂದಲೇ ಶುರು ಮಾಡೋಣ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಅಂತ ಒಂದು ನಿಧಿ ಘೋಷಿಸಿತು. ವರ್ಷಕ್ಕೆ 10 ಲಕ್ಷ ಡಾಲರ್. ಜಗತ್ತಿನ ಯಾವ ಮೂಲೆಯ ಮುಕ್ತ ಸಾಫ್ಟ್‌ವೇರ್ ಆದರೂ ಕೇಳಬಹುದು, ಒಂದು ಪ್ರಾಜೆಕ್ಟಿಗೆ 10,000 ಡಾಲರ್‌ನಿಂದ 1 ಲಕ್ಷ ಡಾಲರ್‌ವರೆಗೆ. ಅರ್ಜಿಯ ರೀತಿ ನನಗೆ ಇಷ್ಟವಾಯಿತು. ಉದ್ದನೆಯ ಪ್ರಸ್ತಾವನೆ ಬರೆಯುವ ಬದಲು "ಫಂಡಿಂಗ್ ಡಾಟ್ ಜೇಸನ್" ಅನ್ನುವ ಫೈಲ್ ತಯಾರಿಸಿ ನಿಮ್ಮ ಕೋಡ್ ಇಟ್ಟಿರುವ ರೆಪೊಸಿಟರಿಯಲ್ಲೋ ವೆಬ್‌ಸೈಟ್‌ನಲ್ಲೋ ಇಡಬೇಕು. ನೀವು ಯಾರು, ಪ್ರಾಜೆಕ್ಟ್ ಯಾವುದು, ಲೈಸೆನ್ಸ್ ಯಾವುದು, ಎಷ್ಟು ಹಣ ಯಾಕೆ ಬೇಕು, ಯಾವ ಮೂಲಕ ಕೊಡಬಹುದು, ಹಿಂದೆ ಎಷ್ಟು ಬಂದಿದೆ, ಎಲ್ಲ ಅದರಲ್ಲಿ. ಅದರ ವಿಳಾಸವನ್ನು ಅವರ ಡೈರೆಕ್ಟರಿಗೆ ಕೊಟ್ಟರೆ ಆಯಿತು. ಆ ಡೈರೆಕ್ಟರಿ ಎಲ್ಲರಿಗೂ ತೆರೆದಿರುವುದರಿಂದ ಬೇರೆ ದಾನಿಗಳೂ ನೋಡಬಹುದು. ಒಂದು ಎಚ್ಚರಿಕೆ: ಅವರು ನೋಡುವುದು ವ್ಯಾಪಕ ಬಳಕೆಯನ್ನು. ಇಬ್ಬರೇ ಬಳಸುವ ಕೋಡಿಗೆ ಇದು ಜಾಗವಲ್ಲ. ಸಣ್ಣ ಮಟ್ಟದಲ್ಲಿ ಶುರುಮಾಡುವವರು ಬೆಂಗಳೂರಿನದೇ ಆದ ಫಾಸ್ ಯುನೈಟೆಡ್ ಕೊಡುವ ಅನುದಾನಗಳನ್ನೂ ನೋಡಿ.

ದೇಶದ ಸರ್ಕಾರಿ ಹಣಕ್ಕೆ ಬಂದರೆ, ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್) ಮುಖ್ಯ ಬಾಗಿಲು. 2023ರ ಕಾಯ್ದೆಯಿಂದ ಹುಟ್ಟಿ, ಹಳೇ ಸರ್ಬ್ ಮಂಡಳಿಯನ್ನು ಒಳಗೆ ಸೇರಿಸಿಕೊಂಡ ಸಂಸ್ಥೆ. ಇಲ್ಲಿ ಸಾಫ್ಟ್‌ವೇರನ್ನು ವಿಜ್ಞಾನದ ಪ್ರಸ್ತಾವನೆಯೊಳಗೇ ಕೂರಿಸಬೇಕು. ನಿಮ್ಮ ಪ್ರಶ್ನೆ ಪಶ್ಚಿಮ ಘಟ್ಟದ ಮಳೆಯದಾದರೆ, ಮೂರು ಉದ್ದೇಶಗಳಲ್ಲಿ ಒಂದಾಗಿ "ಮಾದರಿಯ ಕೋಡನ್ನು ಯಾರು ಬೇಕಾದರೂ ಓಡಿಸುವಂತೆ ಮಾಡುವುದು" ಅಂತ ಸೇರಿಸಿ, ಮ್ಯಾನ್‌ಪವರ್ ಬಾಬ್ತಿನಲ್ಲಿ ಅದಕ್ಕೊಬ್ಬರನ್ನು ತೋರಿಸಿ. ಕಷ್ಟ ಬರುವುದು ಇಲ್ಲೇ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ದರ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಚ್‌ಆರ್‌ಎ ಬೇರೆ. ಕೋಡ್ ಚೆನ್ನಾಗಿ ಬಲ್ಲವರು ಬೆಂಗಳೂರಿನಲ್ಲಿ ಆ ಸಂಬಳಕ್ಕೆ ಎಷ್ಟು ದಿನ ನಿಲ್ಲುತ್ತಾರೆ? ಹಾಗಾಗಿ ಪೂರ್ಣಾವಧಿಯ ಒಬ್ಬರನ್ನು ಹುಡುಕುವ ಬದಲು, ಒಂದೊಂದು ಕೆಲಸವನ್ನು ಹೊರಗಿನ ಪರಿಣತರಿಂದ ಮಾಡಿಸಲು ನಿಮ್ಮ ಸಂಸ್ಥೆಯ ಖರೀದಿ ನಿಯಮ ಬಿಡುತ್ತದಾ ಅಂತ ವಿಚಾರಿಸಿ. ದೊಡ್ಡ ಕಂಪ್ಯೂಟರ್ ಬೇಕಾದ ಕೋಡ್ ಆದರೆ, ನ್ಯಾಷನಲ್ ಸೂಪರ್‌ಕಂಪ್ಯೂಟಿಂಗ್ ಮಿಷನ್ ಕಡೆಗೂ ಕಣ್ಣಿಡಿ. ಐಐಎಸ್‌ಸಿಯ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಅದರದ್ದೇ ಕೂಸು.

ವಿದೇಶದ ನಿಧಿಗಳಲ್ಲಿ ಹೆಸರು ಮಾಡಿದ್ದು ಚಾನ್ ಜುಕರ್‌ಬರ್ಗ್ ಇನಿಶಿಯೇಟಿವ್‌ನ ಕಾರ್ಯಕ್ರಮ. 2019ರಲ್ಲಿ ಮೊದಲ ಸುತ್ತಿನಲ್ಲೇ 42 ಪ್ರಾಜೆಕ್ಟ್‌ಗಳಿಗೆ 50 ಲಕ್ಷ ಡಾಲರ್ ಕೊಟ್ಟಿತು. ನಿರ್ವಹಣೆ, ಡಾಕ್ಯುಮೆಂಟೇಶನ್‌ಗೇ ಹಣ ಅಂತ ಬಾಯಿಬಿಟ್ಟು ಹೇಳಿದ ಕೆಲವೇ ನಿಧಿಗಳಲ್ಲಿ ಅದೊಂದು. ಒಲವು ಜೀವವೈದ್ಯಕೀಯದ ಕಡೆ. ಇದು ಸುತ್ತುಸುತ್ತಾಗಿ ಬಂದ ಕಾರ್ಯಕ್ರಮ. ಹಳೇ ಸುತ್ತಿನ ಪುಟ ನೋಡಿಕೊಂಡು ಅರ್ಜಿ ಬರೆಯಲು ಕೂರಬೇಡಿ, ಹೊಸ ಕರೆ ಇದೆಯಾ ಅಂತ ಮೊದಲು ನೋಡಿ.

ನಿಮ್ಮ ಕೋಡ್ ಆರ್ ಭಾಷೆಯಲ್ಲಿದ್ದರೆ ಆರ್ ಕನ್ಸಾರ್ಟಿಯಂ ಇದೆ. ಆರ್ ಬಳಸುವ ಸಮುದಾಯಕ್ಕೆಲ್ಲ ಉಪಯೋಗವಾಗುವ ಕೆಲಸಕ್ಕೆ ಹಣ ಕೊಡುತ್ತಾರೆ, ಸದಸ್ಯರಾಗಿರಬೇಕಿಲ್ಲ. ನಮ್‌ಫೋಕಸ್‌ನ ಸ್ಮಾಲ್ ಡೆವಲಪ್‌ಮೆಂಟ್ ಗ್ರಾಂಟ್ ಕೆಲವು ಸಾವಿರ ಡಾಲರ್‌ನದು, ಅವರ ಜೊತೆ ಗುರುತಿಸಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ. ಮೊದಲ ಅನುದಾನಕ್ಕೆ ಇಂಥ ಸಣ್ಣದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ 5,000ದಿಂದ 50,000 ಯೂರೋ ಕೊಡುತ್ತದೆ, ಎರಡು ತಿಂಗಳಿಗೊಮ್ಮೆ ಅರ್ಜಿ ತಗೊಳ್ಳುತ್ತದೆ. ಫಾರ್ಮ್ ಚಿಕ್ಕದು. ಆದರೆ ಅವರ ಗಮನ ಮುಕ್ತ ಇಂಟರ್ನೆಟ್ ಮೇಲೆ. ಹವಾಮಾನದ ಮಾದರಿಗೆ ಅಲ್ಲಿ ಕೇಳಿದರೆ ಸುಮ್ನೆ ಸಮಯ ಹಾಳು. ಡೇಟಾ ಫಾರ್ಮ್ಯಾಟ್, ಮುಕ್ತ ಹಾರ್ಡ್‌ವೇರ್, ಭದ್ರತೆಯಂಥ ವಿಷಯವಾದರೆ ಕೇಳಿ. ಜರ್ಮನಿಯ ಸಾವರಿನ್ ಟೆಕ್ ಫಂಡ್ 2022ರಲ್ಲಿ ಶುರುವಾಯಿತು. ಅದು ಎಲ್ಲರೂ ನೆಚ್ಚಿಕೊಂಡ ತಳಪಾಯದ ಕೋಡಿಗೆ ಮಾತ್ರ, 50,000 ಯೂರೋಗಿಂತ ಮೇಲಿನ ಕೆಲಸಗಳಿಗೆ. ಫೋರ್ಟ್ರಾನ್ ಪ್ಯಾಕೇಜ್ ಮ್ಯಾನೇಜರ್‌ಗೆ ಅಲ್ಲಿಂದ ಹಣ ಸಿಕ್ಕಿದೆ. ಫೋರ್ಟ್ರಾನ್ ಹಳತಾಯಿತು ಅನ್ನುವವರಿಗೆ ಇದನ್ನು ತೋರಿಸಿ.

ಹೊರದೇಶದ ವಿಶ್ವವಿದ್ಯಾಲಯಗಳಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಅಮೆರಿಕದಲ್ಲಿ ಎನ್‌ಎಸ್‌ಎಫ್‌ನ ಸಿಎಸ್‌ಎಸ್‌ಐ ಕಾರ್ಯಕ್ರಮ ಸಾಫ್ಟ್‌ವೇರಿಗಾಗಿಯೇ ಇರುವಂಥದ್ದು. ಪೋಸ್ ಅನ್ನುವ ಇನ್ನೊಂದನ್ನು ಅದರ ಜೊತೆ ಕಲಸಿಕೊಳ್ಳಬೇಡಿ. ಅದು ಕೋಡ್ ಬರೆಯಲು ಅಲ್ಲ, ಕೋಡಿನ ಸುತ್ತ ಸಮುದಾಯ ಮತ್ತು ಆಡಳಿತ ವ್ಯವಸ್ಥೆ ಕಟ್ಟಲು. ಬ್ರಿಟನ್ನಿನಲ್ಲಿ 2010ರಿಂದ ಇರುವ ಸಾಫ್ಟ್‌ವೇರ್ ಸಸ್ಟೇನಬಿಲಿಟಿ ಇನ್‌ಸ್ಟಿಟ್ಯೂಟ್ ಈಚೆಗೆ ನಿರ್ವಹಣೆಗೇ ಅಂತ ಪ್ರತ್ಯೇಕ ನಿಧಿ ತೆರೆಯಿತು. ಹೆಸರಿನಲ್ಲೇ ನಿರ್ವಹಣೆ ಅಂತಿರುವ ನಿಧಿ ಅಪರೂಪ. ಅಲ್ಲಿರುವವರು ಬಿಡಬೇಡಿ. ಇಲ್ಲಿರುವವರು ಅಲ್ಲಿಯ ಸಹೋದ್ಯೋಗಿಯನ್ನು ಮುಂದಿಟ್ಟುಕೊಂಡು ಹೋಗಬಹುದು.

ಎಲ್ಲೂ ಹಣ ಆಗಲಿಲ್ಲ ಅಂದರೆ, ಹಣದ ಬದಲು ಕೆಲಸ ಮಾಡುವ ಕೈಗಳನ್ನು ಕೇಳಿ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ಇದೆ, ಕೆಲಸ ಮಾಡುವವರಿಗೆ ಗೂಗಲ್ಲೇ ಭತ್ಯೆ ಕೊಡುತ್ತದೆ. ನಿಮ್ಮ ಸಣ್ಣ ಪ್ರಾಜೆಕ್ಟನ್ನು ನೇರವಾಗಿ ತಗೊಳ್ಳುವುದು ಕಷ್ಟ. ನರವಿಜ್ಞಾನವಾದರೆ ಐಎನ್‌ಸಿಎಫ್, ಖಗೋಳವಾದರೆ ಓಪನ್ ಆಸ್ಟ್ರಾನಮಿ, ಹೀಗೆ ಒಂದು ದೊಡ್ಡ ಸಂಸ್ಥೆಯ ಕೊಡೆಯಡಿ ಸೇರಿಕೊಳ್ಳಿ. ಆದರೆ ಇದು ಪುಕ್ಕಟೆ ದುಡಿಮೆ ಅಂದುಕೊಳ್ಳಬೇಡಿ. ಹೊಸಬರಿಗೆ ಹೇಳಿಕೊಡಲು ವಾರಕ್ಕೆ ಕೆಲವು ಗಂಟೆ ನಿಮ್ಮದು ಹೋಗುತ್ತದೆ.

ಹಂತ 5: ಅರ್ಜಿ

ಸಾಮಾನ್ಯವಾಗಿ ಅರ್ಜಿಗಳು ಹೀಗೆ ಶುರುವಾಗುತ್ತವೆ: "ನಮ್ಮ ಸಾಫ್ಟ್‌ವೇರ್ ಅತ್ಯಾಧುನಿಕವಾಗಿದ್ದು, ಈ ಅನುದಾನದಿಂದ ಅದರ ಗುಣಮಟ್ಟವನ್ನು ಇನ್ನಷ್ಟು ಹೆಚ್ಚಿಸಲು ಉದ್ದೇಶಿಸಲಾಗಿದೆ." ಓದಿದವರಿಗೆ ಏನೂ ಸಿಗಲಿಲ್ಲ. ಅದನ್ನೇ ಹೀಗೆ ಬರೆಯಿರಿ: "ಪೈಥಾನ್ 3.12 ಮತ್ತು ಮೇಲಿನ ಆವೃತ್ತಿಗಳಲ್ಲಿ ನಮ್ಮ ಪ್ಯಾಕೇಜ್ ಇನ್‌ಸ್ಟಾಲ್ ಆಗುತ್ತಿಲ್ಲ. ಬಳಸುವವರು ಹಳೇ ಪೈಥಾನನ್ನೇ ಇಟ್ಟುಕೊಂಡು ಕೆಲಸ ನಡೆಸುತ್ತಿದ್ದಾರೆ. 330 ಗಂಟೆಗಳಲ್ಲಿ ಬಿಲ್ಡ್ ಬದಲಿಸಿ, ಟೆಸ್ಟ್ ಮತ್ತು ಡಾಕ್ಯುಮೆಂಟೇಶನ್ ಬರೆದು, ಮೂರೂ ಸಿಸ್ಟಮ್‌ಗಳಿಗೆ ಪ್ಯಾಕೇಜ್ ಬಿಡುಗಡೆ ಮಾಡುತ್ತೇವೆ. ನಾಲ್ಕನೇ ತಿಂಗಳಿಗೆ ಮೊದಲ ಬಿಡುಗಡೆ." ಏನು ಕೆಟ್ಟಿದೆ, ಯಾರಿಗೆ ತೊಂದರೆ, ಏನು ಮಾಡುತ್ತೀರಿ, ಯಾವಾಗ. ಇಷ್ಟು ಬಂದರೆ ಸಾಕು.

ಹೊಸ ಫೀಚರ್ ಸೇರಿಸೋಣ ಅಂತ ಒಳಗೊಳಗೇ ಆಸೆ ಆಗುತ್ತದೆ, ಹೊಸತು ಅಂದರೆ ಅಂಕ ಜಾಸ್ತಿ ಅಂತ. ಒಂದು ಸೇರಿಸಿ, ತೊಂದರೆಯಿಲ್ಲ. ಮೂರು ಸೇರಿಸಿದರೆ ಅನುದಾನ ಮುಗಿಯುವ ಹೊತ್ತಿಗೆ ನೋಡಿಕೊಳ್ಳಬೇಕಾದ ಕೋಡ್ ಇನ್ನೂ ಬೆಳೆದಿರುತ್ತದೆ, ನೋಡಿಕೊಳ್ಳುವವರು ಅಷ್ಟೇ ಇರುತ್ತಾರೆ.

"ಹಣ ಮುಗಿದ ಮೇಲೆ ಏನು?" ಅನ್ನುವ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. ಸಮುದಾಯ ನೋಡಿಕೊಳ್ಳುತ್ತದೆ ಅಂತ ತೇಲಿಸಬೇಡಿ. ಟೆಸ್ಟ್ ಇರುವುದರಿಂದ ಮುಂದೆ ತಿಂಗಳಿಗೆ ಎಷ್ಟು ಗಂಟೆ ಸಾಕು, ಅದನ್ನು ಯಾರು ಕೊಡುತ್ತಾರೆ, ಅವರಿಲ್ಲದಾಗ ಬಿಡುಗಡೆ ಮಾಡುವ ಅಧಿಕಾರ ಇನ್ಯಾರಿಗಿದೆ, ಇದನ್ನು ಬರೆಯಿರಿ.

ಬಜೆಟ್‌ನಲ್ಲಿ ನಿಮ್ಮ ಗಂಟೆಗೆ ಸರಿಯಾದ ಬೆಲೆ ಹಾಕಿ. ಕಡಿಮೆ ತೋರಿಸಿದರೆ ಬೇಗ ಸಿಗುತ್ತದೆ ಅನ್ನುವುದು ನಮ್ಮವರ ಸಂಕೋಚ. ಓದುವವರಿಗೆ ಅದು ಕೆಲಸದ ಅಂದಾಜು ಗೊತ್ತಿಲ್ಲ ಅನ್ನುವ ಹಾಗೆ ಕಾಣುತ್ತದೆ. ಸಂಸ್ಥೆಯ ಓವರ್‌ಹೆಡ್, ಸ್ಪಾನ್ಸರ್ ಪಾಲು, ಬ್ಯಾಂಕ್ ಶುಲ್ಕ, ತೆರಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ.

ಹಂತ 6: ಕಳಿಸಿದ ಮೇಲೆ

ಗಡುವಿನಲ್ಲಿ "ಎನಿವೇರ್ ಆನ್ ಅರ್ಥ್" ಅಂತಿದ್ದರೆ ಭಾರತದಲ್ಲಿ ಮರುದಿನ ಸಂಜೆ ಐದೂವರೆವರೆಗೆ ಸಮಯವಿದೆ. ಹಾಗಂತ ಅಲ್ಲಿಯವರೆಗೆ ಎಳೆಯಬೇಡಿ. ಸಂಸ್ಥೆಯ ಸಹಿ ಬೇಕಾದರೆ ಎರಡು ವಾರ ಮೊದಲೇ ಕಡತ ಕೊಡಿ.

ಆಗಲಿಲ್ಲ ಅಂತ ಉತ್ತರ ಬಂದರೆ ಪರಿಶೀಲಕರ ಟಿಪ್ಪಣಿ ಕೇಳಿ. ಎಲ್ಲರೂ ಕೊಡುವುದಿಲ್ಲ, ಕೊಟ್ಟರೆ ಮುಂದಿನ ಅರ್ಜಿಗೆ ಅದೇ ಬಂಡವಾಳ. ಕೆಲಸದ ಪಟ್ಟಿ, ಸಾಕ್ಷಿ, ಬಜೆಟ್ ಮೂರೂ ನಿಮ್ಮ ಹತ್ತಿರವೇ ಇವೆ. ಬೇರೆ ಬಾಗಿಲಿಗೆ ಒಂದು ವಾರದಲ್ಲಿ ಹೊಂದಿಸಬಹುದು.

ಸಿಕ್ಕಿತು ಅಂದರೆ ಮೊದಲ ದಿನವೇ ಗಂಟೆಗಳ ಲೆಕ್ಕ ಬರೆಯಲು ಶುರು ಮಾಡಿ. ಎನ್‌ಎಲ್‌ನೆಟ್‌ನಂಥವರು ಮೈಲಿಗಲ್ಲು ಮುಟ್ಟಿದ ಮೇಲೆ ಹಣ ಕೊಡುತ್ತಾರೆ, ಮುಂಗಡ ಅಲ್ಲ. ಸರ್ಕಾರಿ ಪ್ರಾಜೆಕ್ಟ್ ಆದರೆ ವರ್ಷದ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಹೋಗದೆ ಮುಂದಿನ ಕಂತು ಬರುವುದಿಲ್ಲ. ರೀಡ್‌ಮಿ ಫೈಲಿನಲ್ಲಿ ಯಾರ ಹಣದಿಂದ ಯಾವ ಕೆಲಸ ಆಯಿತು ಅಂತ ಒಂದು ಸಾಲು ಹಾಕಿ, ಫಂಡಿಂಗ್ ಡಾಟ್ ಜೇಸನ್ ಇದ್ದರೆ ಅದರ ಇತಿಹಾಸದ ಭಾಗದಲ್ಲೂ ಸೇರಿಸಿ. ಮುಂದಿನ ನಿಧಿಯವರು ಕೇಳುವ ಪ್ರಶ್ನೆಗಳಲ್ಲಿ "ಹಿಂದೆ ಎಷ್ಟು ಬಂದಿತ್ತು, ಅದರಲ್ಲಿ ಏನು ಮಾಡಿದಿರಿ?" ಅನ್ನುವುದು ಇದ್ದೇ ಇರುತ್ತದೆ.